ಚೆನ್ನೈಗೆ ಒಂದು ಗಂಟೆ ಅಂತೀರಿ, ಕೋಲಾರದಿಂದ ಎಷ್ಟು?

ಮಾನ್ಯ ಸಂಪಾದಕರೇ,

ಬೆಂಗಳೂರಿನಿಂದ ಬೇರೆ ಊರುಗಳಿಗೆ ರಸ್ತೆಯಲ್ಲಿ ಎಷ್ಟು ಹೊತ್ತು, ವಿಮಾನದಲ್ಲಿ ಎಷ್ಟು ಹೊತ್ತು ಎಂಬ ಪಟ್ಟಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತು. ಚೆನ್ನೈ ಎದುರು ರಸ್ತೆಯಲ್ಲಿ 350 ಕಿ.ಮೀ., ಆರೇಳು ಗಂಟೆ. ವಿಮಾನದಲ್ಲಿ ಒಂದೇ ಗಂಟೆ ಅಂತ ಇತ್ತು. ಲೆಕ್ಕ ತಪ್ಪೇನಲ್ಲ. ಆದರೆ ಕೋಲಾರದಲ್ಲಿ ಕೂತು ಓದುವವರಿಗೆ ಅದರಿಂದ ಉಪಯೋಗವಿಲ್ಲ.

ನಮ್ಮ ಮಗಳು ಇರುವುದು ಚೆನ್ನೈನ ಪೋರೂರಿನಲ್ಲಿ. ಕೆಲವು ತಿಂಗಳ ಹಿಂದೆ ಇಂಥದ್ದೇ ಲೆಕ್ಕ ನಂಬಿಕೊಂಡು ನಾನೂ ನನ್ನ ಹೆಂಡತಿಯೂ ವಿಮಾನಕ್ಕೆ ಟಿಕೆಟ್ ಮಾಡಿಸಿದೆವು. ವಿಮಾನ ಬೆಳಿಗ್ಗೆ ಒಂಬತ್ತೂವರೆಗೆ. ಮನೆ ಬಿಟ್ಟಿದ್ದು ಐದೂವರೆಗೆ. ನರಸಾಪುರ, ಹೊಸಕೋಟೆ, ಸೂಲಿಬೆಲೆ ದಾಟಿ ದೇವನಹಳ್ಳಿ ಏರ್‌ಪೋರ್ಟ್ ಸೇರುವುದಕ್ಕೇ 70 ಕಿ.ಮೀ. ಮೇಲಾಯಿತು. ಎರಡು ಗಂಟೆ ಮೊದಲೇ ಬನ್ನಿ ಅಂತಾರೆ, ಹೋದೆವು. ಬ್ಯಾಗು, ತಪಾಸಣೆ, ಕಾಯುವುದು. ಹಾರಿದ ಮೇಲೆ ನೀರು ಕುಡಿಯುವಷ್ಟರಲ್ಲಿ ಇಳಿಯುತ್ತಿದ್ದೇವೆ ಅಂದರು. ಗಾಳಿಯಲ್ಲಿ ಇದ್ದಿದ್ದು ನಲವತ್ತು ನಿಮಿಷ ಇರಬಹುದು. ಪಟ್ಟಿಯ ಒಂದು ಗಂಟೆಯಲ್ಲಿ ವಿಮಾನ ನೆಲದ ಮೇಲೆ ಹೊರಳಾಡುವ ಹೊತ್ತೂ ಸೇರಿರುತ್ತದೆ. ಮೀನಂಬಾಕ್ಕಂನಲ್ಲಿ ಬ್ಯಾಗು ಬಂದು, ಟ್ಯಾಕ್ಸಿ ಸಿಕ್ಕಿ, ಮಗಳ ಮನೆ ಬಾಗಿಲು ತಟ್ಟಿದಾಗ ಹನ್ನೆರಡಾಗಿತ್ತು. ಒಟ್ಟು ಆರೂವರೆ ಗಂಟೆ!

ಇದರಲ್ಲಿ ಇನ್ನೊಂದು ತಮಾಷೆ ಇದೆ. ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ದೇವನಹಳ್ಳಿಯಿಂದ ಚೆನ್ನೈಗೆ ಗೆರೆ ಎಳೆದು ನೋಡಿ. ಆ ಗೆರೆ ಹೆಚ್ಚುಕಡಿಮೆ ಕೋಲಾರದ ಮೇಲೆಯೇ ಹಾಯುತ್ತದೆ. ಅಂದರೆ ಪೂರ್ವಕ್ಕೆ ಹೋಗಬೇಕಾದ ನಾವು ಕತ್ತಲಲ್ಲಿ ಎದ್ದು ಪಶ್ಚಿಮಕ್ಕೆ ಹೋಗಿ, ದುಡ್ಡು ಕೊಟ್ಟು, ನಮ್ಮ ಊರಿನ ನೆತ್ತಿ ಮೇಲೆಯೇ ವಾಪಸ್ ಹಾರುತ್ತೇವೆ!

ಬರುವಾಗ ಅಳಿಯ ಕಾರಿನಲ್ಲಿ ಕರೆತಂದರು. ರಾಣಿಪೇಟೆ, ಚಿತ್ತೂರು, ಪಲಮನೇರು, ಮುಳಬಾಗಿಲು. ನಮ್ಮ ಕಡೆ ಹಿರಿಯರು ಈಗಲೂ ಮದ್ರಾಸ್ ರೋಡ್ ಅನ್ನುವ ದಾರಿ. ಸುಮಾರು 270 ಕಿ.ಮೀ. ಚಿತ್ತೂರಿನಲ್ಲಿ ನಿಧಾನಕ್ಕೆ ತಿಂಡಿ ತಿಂದು ಬಂದರೂ ಆರು ಗಂಟೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೂ ಐದು ಗಂಟೆ ಚಿಲ್ಲರೆಯಲ್ಲಿ ಚೆನ್ನೈ ಸೆಂಟ್ರಲ್. ನಮ್ಮ ಟೊಮೆಟೊ ಲಾರಿಗಳು ರಾತ್ರಿ ಹೊರಟು ಬೆಳಗಾಗುವುದರೊಳಗೆ ಕೋಯಂಬೇಡು ಮಾರ್ಕೆಟ್ ಸೇರಿರುತ್ತವೆ. ಅವುಗಳಿಗೆ ಇರುವ ಬುದ್ಧಿ ನನಗೆ ಇರಲಿಲ್ಲ ನೋಡಿ. ಹೊಸ ಎಕ್ಸ್‌ಪ್ರೆಸ್‌ವೇ ಬೇರೆ ಮಾಲೂರು, ಬಂಗಾರಪೇಟೆ ಕಡೆಯಿಂದಲೇ ಹಾದುಹೋಗುತ್ತದೆ. ಅದು ಶ್ರೀಪೆರುಂಬುದೂರಿನವರೆಗೆ ಪೂರ್ತಿ ತೆರೆದರೆ ಹೊತ್ತು ಇನ್ನೂ ಉಳಿಯುತ್ತದೆ.

ವಿಮಾನ ಬೇಡ ಅನ್ನುತ್ತಿಲ್ಲ. ಮುಂಬೈ, ದೆಹಲಿಗೆ ಅದೇ ಸರಿ. ಅಲ್ಲಿ ಏರ್‌ಪೋರ್ಟಿನಲ್ಲಿ ಕಳೆದ ಮೂರು ಗಂಟೆ ಲೆಕ್ಕಕ್ಕೇ ಬರುವುದಿಲ್ಲ. ಮುನ್ನೂರು ಕಿ.ಮೀ. ದಾರಿಗೆ ಮಾತ್ರ ಅದೇ ಜಾಸ್ತಿ ಆಗಿಬಿಡುತ್ತದೆ, ಅಲ್ವಾ?

ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು ಅಂತ ಇನ್ನೊಂದು ಕಾಲಂ ಸೇರಿಸಿ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರಕ್ಕೆ ಬೇರೆ ಬೇರೆ ಕೊಟ್ಟರೆ ಇನ್ನೂ ಒಳ್ಳೆಯದು. ಚಿಕ್ಕಬಳ್ಳಾಪುರದವರಿಗೆ ಏರ್‌ಪೋರ್ಟ್ ಪಕ್ಕದಲ್ಲೇ ಇದೆ, ಅವರ ಲೆಕ್ಕವೇ ಬೇರೆ.

– ನಿಮ್ಮ ಹಳೆಯ ಓದುಗ, ಕೋಲಾರ