ಪ್ರಿಪೊಸಿಷನ್ ಅಭ್ಯಾಸ: ಖಾಲಿ ಜಾಗಕ್ಕಿಂತ ಮೊದಲು ಕ್ರಿಯಾಪದ ನೋಡಿ

ಗುಂಪಿನ ಎಲ್ಲರ ಗಮನಕ್ಕೆ,

ಇಂಗ್ಲಿಷ್ ಪ್ರಿಪೊಸಿಷನ್ (‘ಇನ್’, ‘ಆನ್’, ‘ಫ್ರಮ್’ ಥರದ ಸಂಬಂಧ ಸೂಚಿಸುವ ಪದ) ತುಂಬುವ ಅಭ್ಯಾಸದ ಹಾಳೆಗಳಲ್ಲಿ ಹೆಚ್ಚು ಎಡವುವುದು ನಮ್ಮ ಕನ್ನಡದ ‘ಇಂದ’ ಬರುವ ಕಡೆ. ‘2019ರಿಂದ ಇಲ್ಲೇ ಇದ್ದೇನೆ’ ಎಂದುಕೊಂಡು ‘ಐ ಆಮ್ ಲಿವಿಂಗ್ ಹಿಯರ್ ಫ್ರಮ್ 2019’ ಎಂದು ಬರೆದರೆ ಪ್ರಿಪೊಸಿಷನ್ನೂ ತಪ್ಪು, ಕಾಲವೂ ತಪ್ಪು. ಸರಿಯಾದದ್ದು ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಸಿನ್ಸ್ 2019’. ವಾಕ್ಯದಲ್ಲಿ ‘ಹ್ಯಾವ್ ಬೀನ್’ ಅಥವಾ ‘ಹ್ಯಾಸ್ ಬೀನ್’ ಕಂಡರೆ ಖಾಲಿ ಜಾಗದ ಮುಂದೆ ಏನಿದೆ ನೋಡಿ. ಶುರುವಾದ ಹೊತ್ತಿದ್ದರೆ (ಸೋಮವಾರ, 2019, ಎಂಟು ಗಂಟೆ) ‘ಸಿನ್ಸ್’. ಕಳೆದ ಅವಧಿಯಿದ್ದರೆ (ಮೂರು ವರ್ಷ, ಎರಡು ಗಂಟೆ) ‘ಫಾರ್’. ‘ಒಂಬತ್ತರಿಂದ ಐದರವರೆಗೆ’ ಎಂದು ಎರಡು ತುದಿಯೂ ಇದ್ದಾಗ ‘ಫ್ರಮ್’ ಧಾರಾಳವಾಗಿ ಹಾಕಿ.

ಸೋಮವಾರದೊಳಗೆ ಕೊಡಬೇಕಾದರೆ ‘ಬೈ ಮಂಡೆ’, ಸೋಮವಾರದ ತನಕ ಕಾಯಬೇಕಾದರೆ ‘ಅನ್‌ಟಿಲ್ ಮಂಡೆ’. ಕೊಡುವುದು ಒಮ್ಮೆ ಮುಗಿಯುವ ಕೆಲಸ, ಕಾಯುವುದು ಅಷ್ಟೂ ಹೊತ್ತು ನಡೆಯುವಂಥದ್ದು.

ಬೆಳಿಗ್ಗೆಗೆ ‘ಇನ್ ದ ಮಾರ್ನಿಂಗ್’ ಸರಿ. ಪಕ್ಕದಲ್ಲಿ ವಾರದ ಹೆಸರು ಬಂದ ಕೂಡಲೇ ‘ಆನ್ ಸಂಡೆ ಮಾರ್ನಿಂಗ್’. ‘ಲಾಸ್ಟ್ ಸಂಡೆ’, ‘ನೆಕ್ಸ್ಟ್ ಸಂಡೆ’ಗೆ ಮೊದಲು ಯಾವ ಪ್ರಿಪೊಸಿಷನ್ನೂ ಬೇಡ.

ಇನ್ನು ಕೆಲವು ಜೋಡಿಗಳಿಗೆ ತರ್ಕ ಹುಡುಕಿ ಫಲವಿಲ್ಲ, ಬಾಯಿಪಾಠವೇ ಗತಿ: ಮ್ಯಾರೀಡ್ ಟು (‘ವಿತ್’ ಅಲ್ಲ), ಗುಡ್ ಅಟ್, ಅಫ್ರೇಡ್ ಆಫ್, ಸೀನಿಯರ್ ಟು (‘ದ್ಯಾನ್’ ಅಲ್ಲ). ‘ಡಿಸ್ಕಸ್’ ಮುಂದೆ ‘ಅಬೌಟ್’ ಸೇರಿಸಬೇಡಿ. ‘ಬಗ್ಗೆ ಚರ್ಚಿಸಿದೆವು’ ಎನ್ನುವ ಅಭ್ಯಾಸವೇ ಅದನ್ನು ಎಳೆದು ತರುವುದು.

ಉತ್ತರ ಕಳಿಸುವಾಗ ಬರೀ ಪದ ಬೇಡ, ಪೂರ್ತಿ ವಾಕ್ಯ ಬರೆದು ಕಳಿಸಿ.