ವಾರ್ಷಿಕೋತ್ಸವದ ‘ಮಿಸ್ ವರ್ಲ್ಡ್’ ಸ್ಪರ್ಧೆ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯಿಂದ ಐದರಿಂದ ಏಳನೆಯ ತರಗತಿಯ ಹೆಣ್ಣುಮಕ್ಕಳ ‘ಮಿಸ್ ವರ್ಲ್ಡ್’ ಸ್ಪರ್ಧೆಯನ್ನು ತೆಗೆದಿದ್ದಕ್ಕೆ ನಿಮ್ಮಲ್ಲಿ ಹಲವರು ಬೇಸರಗೊಂಡಿದ್ದೀರಿ. ಕೆಲವರು ಕಚೇರಿಗೆ ಬಂದು ಮಾತನಾಡಿದ್ದೀರಿ, ಕೆಲವರು ಲಿಖಿತ ದೂರನ್ನೇ ಕೊಟ್ಟಿದ್ದೀರಿ. ತಾಲೀಮು ಶುರುವಾದ ಮೇಲೆ ನಿಲ್ಲಿಸಿದ್ದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆರನೆಯ ತರಗತಿಯಲ್ಲಿ ಸಿಕ್ಕಿದ ನೋಟ್‌ಬುಕ್ಕಿನ ಒಂದು ಹಾಳೆ ನನ್ನ ಮೇಜಿನ ಮೇಲಿದೆ. ಮಕ್ಕಳೇ ಸ್ಕೇಲಿಟ್ಟು ಅಚ್ಚುಕಟ್ಟಾಗಿ ಗೆರೆ ಎಳೆದು, ‘ನಡಿಗೆ’, ‘ನಗು’, ‘ಕೂದಲು’, ‘ಬಣ್ಣ’ ಎಂದು ಬರೆದು, ತರಗತಿಯ ಪ್ರತಿ ಹುಡುಗಿಗೂ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿದ್ದಾರೆ. ಬಣ್ಣಕ್ಕೆ ಒಬ್ಬಳಿಗೆ ಎರಡು ಅಂಕ ಬಂದಿತ್ತು. ಅದನ್ನು ಅಳಿಸಿ ಮೂರು ಮಾಡಲಾಗಿದೆ. ತಿದ್ದಿದವಳು ಆ ಮಗುವೇ. ಅಂಕ ಹಾಕಿದ ಮಕ್ಕಳನ್ನು ನಾನು ಗದರಿಸಲಿಲ್ಲ. ತಾಲೀಮಿನಲ್ಲಿ ಕಂಡದ್ದನ್ನೇ ಅವರು ಮಾಡಿದ್ದಾರೆ.

ಸೌಂದರ್ಯ ಸ್ಪರ್ಧೆಗೆ ಹೋದವರನ್ನು ಶಾಲೆ ಕೀಳಾಗಿ ಕಾಣುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ಮಿಸ್ ವರ್ಲ್ಡ್ ಗೆದ್ದಾಗ ಹಿಗ್ಗಿದವರಲ್ಲಿ ನಾನೂ ಒಬ್ಬಳು. 1966ರಲ್ಲಿ ಲಂಡನ್ನಿನಲ್ಲಿ ಕಿರೀಟ ತೊಟ್ಟ ರೀಟಾ ಫರಿಯಾ ಆಗ ವೈದ್ಯಕೀಯ ವಿದ್ಯಾರ್ಥಿನಿ. ಮರಳಿ ಓದಿಗೆ ಕೂತು ವೈದ್ಯೆಯಾದರು. ಇವರೆಲ್ಲ ತಮ್ಮ ಇಚ್ಛೆಯಿಂದ ವೇದಿಕೆ ಹತ್ತಿದ, ವಯಸ್ಸಿಗೆ ಬಂದ ಹೆಣ್ಣುಮಕ್ಕಳು. ಮಿಸ್ ಯೂನಿವರ್ಸ್ ಸ್ಪರ್ಧೆಗೂ ಕನಿಷ್ಠ 18 ವರ್ಷ ತುಂಬಿರಬೇಕು. ನಮ್ಮ ಮಕ್ಕಳಿಗೆ ಹತ್ತು, ಹನ್ನೊಂದು, ಹನ್ನೆರಡು.

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಹಿಳಾ ಸಂಘಟನೆಗಳು, ರೈತರು ಬೀದಿಗಿಳಿದಿದ್ದರು. ಈಜುಡುಗೆ ಸುತ್ತನ್ನು ಸೀಶೆಲ್ಸ್ ದ್ವೀಪಗಳಿಗೆ ಒಯ್ಯಬೇಕಾಯಿತು. 2014ರ ಕೊನೆಯಲ್ಲಿ ಸಂಘಟಕರೇ ಆ ಸುತ್ತನ್ನು ಕೈಬಿಡುವುದಾಗಿ ಸಾರಿದರು. ಜಗತ್ತಿನ ಸ್ಪರ್ಧೆಯೇ ತನ್ನ ಅಳತೆಗೋಲನ್ನು ತಿದ್ದಿಕೊಂಡಿರುವಾಗ, ಮೈ ಅಳೆಯುವ ಗೋಲನ್ನು ನಾವು ಹತ್ತು ವರ್ಷದವರ ಕೈಗೆ ಕೊಡುವುದು ಸರಿಯೇ?

ಮಗಳಿಗೆ ಧೈರ್ಯ ಬರಲಿ, ಸಭಾಕಂಪನ ಹೋಗಲಿ ಎಂಬುದು ನಿಮ್ಮ ಆಸೆ. ನನ್ನದೂ ಅದೇ. ಅದಕ್ಕಾಗಿಯೇ ಪ್ರಶ್ನೋತ್ತರದ ಸುತ್ತನ್ನು ಉಳಿಸಿಕೊಂಡಿದ್ದೇವೆ. ಅತಿ ಹೆಚ್ಚು ಸಂಬಳ ಯಾವ ವೃತ್ತಿಗೆ ಸಲ್ಲಬೇಕು ಎಂದು 2017ರ ಮಿಸ್ ವರ್ಲ್ಡ್ ವೇದಿಕೆಯಲ್ಲಿ ಕೇಳಿದಾಗ, ಆ ವರ್ಷ ಗೆದ್ದ ಮಾನುಷಿ ಛಿಲ್ಲರ್ ತಾಯಿಯನ್ನು ಹೆಸರಿಸಿದರು. ಜನ ಇಂದಿಗೂ ನೆನೆಯುವುದು ಆ ಉತ್ತರವನ್ನು. ನಮ್ಮ ವೇದಿಕೆಯಲ್ಲಿ ಪ್ರತಿ ಮಗುವೂ ತಾನು ಆರಿಸಿಕೊಂಡ ದೇಶದ ಉಡುಪಿನಲ್ಲಿ ಬಂದು, ಆ ದೇಶದ ಬಗ್ಗೆ ಎರಡು ನಿಮಿಷ ಮಾತನಾಡಿ, ಸಭಿಕರ ಒಂದು ಪ್ರಶ್ನೆಗೆ ಉತ್ತರಿಸಲಿ. ಬಯಸಿದರೆ ಗಂಡುಮಕ್ಕಳೂ ಸೇರಬಹುದು. ಕಿರೀಟ, ಅಡ್ಡಪಟ್ಟಿ, ಮೊದಲ ಸ್ಥಾನ, ಎರಡನೆಯ ಸ್ಥಾನ ಯಾವುದೂ ಇರುವುದಿಲ್ಲ. ಎಲ್ಲರಿಗೂ ಒಂದೊಂದು ಪುಸ್ತಕ.

ಮತ್ತೊಮ್ಮೆ ಹೇಳುತ್ತೇನೆ, ಅಲಂಕಾರಕ್ಕೆ ನಮ್ಮ ಅಡ್ಡಿಯಿಲ್ಲ. ಹೂ ಮುಡಿಯಲಿ, ಬಳೆ ತೊಡಲಿ, ಹೊಸ ಬಟ್ಟೆ ಹಾಕಿಕೊಂಡು ಕುಣಿಯಲಿ; ಅದು ಮಕ್ಕಳ ಸಂಭ್ರಮ, ನೋಡುವ ನಮಗೂ ಸಂಭ್ರಮ. ಆದರೆ ಅವರ ಮುಖಕ್ಕೆ, ಮೈಬಣ್ಣಕ್ಕೆ, ನಡಿಗೆಗೆ ಈ ಶಾಲೆಯಲ್ಲಿ ಯಾರೂ ಅಂಕ ಕೊಡುವುದಿಲ್ಲ, ಅತಿಥಿಗಳೂ ಕೊಡುವುದಿಲ್ಲ. ಈ ತೀರ್ಮಾನ ಬದಲಾಗುವುದಿಲ್ಲ. ನಿಮ್ಮ ಬೇಸರ ಪೂರ್ತಿ ಹೋಗದಿದ್ದರೆ ಸಂಜೆ ಶಾಲೆ ಬಿಟ್ಟ ಮೇಲೆ ಬನ್ನಿ, ಕೂತು ಮಾತನಾಡೋಣ.

ಗೌನು ಬಾಡಿಗೆಗೆ ಮುಂಗಡ ಕೊಟ್ಟಿರುವವರು ರಸೀದಿಯನ್ನು ಕಚೇರಿಗೆ ತಲುಪಿಸಿದರೆ ಆ ಹಣವನ್ನು ಶಾಲೆಯೇ ಭರಿಸುತ್ತದೆ. ಶನಿವಾರದ ತಾಲೀಮಿಗೆ ಮಕ್ಕಳನ್ನು ಎಂದಿನಂತೆ ಕಳುಹಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ