ಕರಿಯನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಬಿಡಬೇಡ

ಪುಟ್ಟಾ,

ನಿನ್ನ ಕಾಗದ ಬಂತು. ತೋಟದ ವಿಷಯ, ಮನೆ ರಿಪೇರಿ ವಿಷಯ ಎಲ್ಲ ನಿನ್ನ ಅಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನೆ, ಅದನ್ನೇ ಮತ್ತೆ ಬರೆಯುತ್ತಾ ಕೂರುವುದಿಲ್ಲ. ಕೊನೆಯಲ್ಲಿ ನಿನ್ನ ನಾಯಿಯ ಬಗ್ಗೆ ಒಂದು ಸಾಲು ಗೀಚಿದ್ದೀಯಲ್ಲ, "ಕರಿಯ ಮೊನ್ನೆ ಡಾಕ್ಟ್ರಿಗೆ ಹಲ್ಲು ತೋರಿಸಿದ, ಕಚ್ಚಿಬಿಟ್ಟರೆ ಏನು ಗತಿ, ಇನ್ಮೇಲೆ ಆಸ್ಪತ್ರೆಗೆ ಕರ್ಕೊಂಡು ಹೋಗಲ್ಲ ಅತ್ತೆ" ಅಂತ. ನೀನು ಸುಮ್ನೆ ಬರೆದಿರಬಹುದು. ನನಗೆ ಮಾತ್ರ ಅದು ತಲೆಯಿಂದ ಹೋಗುತ್ತಿಲ್ಲ.

ನಿನ್ನ ಭಯ ಸುಳ್ಳು ಅಂತ ಹೇಳುವುದಿಲ್ಲ. ಐವತ್ತು ಕೆಜಿ ತೂಗುವ ರಾಟ್‌ವೀಲರ್ ಬಾಯಿ ಹಾಕಿದರೆ ಅರಿಶಿನ ಹಚ್ಚಿ ಸುಮ್ಮನಿರುವಂಥ ಗಾಯ ಆಗುವುದಿಲ್ಲ. ಜನಕ್ಕೂ ಈ ಜಾತಿ ನಾಯಿಗಳ ಮೇಲೆ ಮೊದಲೇ ಒಂದು ಕಣ್ಣಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಸಾಕುವುದು ಬೇಡ ಅಂತ ರಾಜ್ಯಗಳಿಗೆ ಪತ್ರ ಬರೆದಿತ್ತಲ್ಲ, ಅದರಲ್ಲಿ ನಿನ್ನ ಕರಿಯನ ಜಾತಿಯೂ ಇತ್ತು. ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು ಅನ್ನು. ಆದರೂ ನಾಳೆ ಇವನು ಯಾರಿಗಾದರೂ ಕಚ್ಚಿದರೆ "ನಾವು ಆಗಲೇ ಹೇಳಿರಲಿಲ್ವಾ" ಅನ್ನುವವರು ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ. ಎಲ್ಲ ಒಪ್ಪಿದೆ. ಆದರೂ ಕರೆದುಕೊಂಡು ಹೋಗುವುದು ಬಿಡಬೇಡ.

ಯಾಕೆ ಇಷ್ಟು ಹಟ ಅಂತ ಕೇಳುತ್ತೀಯ. ನಿನ್ನ ಅಜ್ಜ ಟೈಗರ್ ಅಂತ ಒಂದು ನಾಯಿ ಸಾಕಿದ್ದರು, ಆಲ್ಸೇಷಿಯನ್ ಬೆರಕೆ. ಹಗಲೆಲ್ಲ ಕಾಫಿ ಕಣದ ಮೂಲೆಯಲ್ಲಿ ಸರಪಳಿ, ರಾತ್ರಿ ಬಿಡುವುದು. ಕಾವಲು ನಾಯಿಯ ಮೈ ಸವರಿದರೆ ಅದು ಕೆಡುತ್ತದೆ ಅನ್ನುವ ಕಾಲ ಅದು. ಅನ್ನ ಹಾಕುವ ಅಮ್ಮ ಕೂಡ ತಟ್ಟೆಯನ್ನು ಕೋಲಿನಿಂದಲೇ ನೂಕುತ್ತಿದ್ದಳು. ಒಂದು ಮಳೆಗಾಲ ಅವನ ಕಿವಿಗೆ ಗಾಯ ಆಯಿತು. ಕಾಡುಹಂದಿ ತಿವಿಯಿತೋ ಬೇರೆ ನಾಯಿ ಕಚ್ಚಿತೋ ಗೊತ್ತಿಲ್ಲ. ನೊಣ ಕೂತು ಹುಳ ಬಿತ್ತು. ಹುಳ ತೆಗೆದು ಔಷಧಿ ಹಾಕಿದರೆ ವಾಸಿಯಾಗುವಂಥದ್ದು, ದನಗಳಿಗೆ ಮನೆಯಲ್ಲೇ ಮಾಡುತ್ತಿದ್ದೆವು. ದನದ ಡಾಕ್ಟ್ರು ಬಂದರು ಕೂಡ. ಜಗುಲಿ ಮೇಲೆ ನಿಂತು, ಯಾರಾದರೂ ಹಿಡಿದುಕೊಳ್ಳಿ ಅಂದರು. ಯಾರು ಹಿಡಿಯುತ್ತಾರೆ? ಆಳುಗಳು ಹಗ್ಗದ ಕುಣಿಕೆ ಎಸೆದರು, ಅವನು ಹಗ್ಗವನ್ನೇ ಕಡಿದು ಹಾಕಿದ. ಡಾಕ್ಟ್ರು ಕಾಫಿ ಕುಡಿದು ಹೊರಟುಹೋದರು. ಆಮೇಲೆ ಅವನು ತಲೆ ಒಂದೇ ಕಡೆ ವಾಲಿಸಿಕೊಂಡು, ಆ ಕಿವಿಯನ್ನು ಕಣದ ನೆಲಕ್ಕೆ ಉಜ್ಜುತ್ತಾ ಇರುತ್ತಿದ್ದ. ವಾಸನೆ ಅಡುಗೆಮನೆವರೆಗೂ ಬರುತ್ತಿತ್ತು. ಕೊನೆಗೆ ಅಪ್ಪ ಕೋವಿ ತೆಗೆದರು. ನನ್ನನ್ನೂ ನಿನ್ನ ಅಪ್ಪನನ್ನೂ ಒಳಗೆ ಕೂರಿಸಿ ಬಾಗಿಲು ಹಾಕಿದ್ದರು. ನೀನು ಕರಿಯನನ್ನು ತರುವವರೆಗೆ ಆ ಮನೆಯಲ್ಲಿ ಯಾಕೆ ಒಂದು ನಾಯಿಯೂ ಇರಲಿಲ್ಲ ಅಂತ ಈಗ ಗೊತ್ತಾಯಿತಲ್ಲ. ನಿನ್ನ ಅಪ್ಪನ ಹತ್ತಿರ ಈ ವಿಷಯ ಎತ್ತಬೇಡ.

ಟೈಗರ್ ಒಬ್ಬರಿಗೂ ಕಚ್ಚಿರಲಿಲ್ಲ, ಗೊತ್ತಾ? ಕಚ್ಚುತ್ತಾನೆ ಅಂತ ಎಲ್ಲರೂ ದೂರ ನಿಂತಿದ್ದೆವು, ಅಷ್ಟೇ.

ಕರಿಯ ಗುರ್ ಅಂದಾಗ ನೀನು ಹೊಡೆದಿಲ್ಲ ತಾನೆ? ಹೊಡೆಯಬೇಡ ಮಾರಾಯ. ಗುರುಗುಟ್ಟುವುದು ಅಂದರೆ "ಸಾಕು, ಸ್ವಲ್ಪ ದೂರ ಹೋಗಿ" ಅಂತ ಅವನು ಮರ್ಯಾದೆಯಾಗಿ ಹೇಳಿದ ಹಾಗೆ. ಅದಕ್ಕೆ ಏಟು ಬಿದ್ದರೆ ಗುರುಗುಟ್ಟುವುದು ನಿಲ್ಲುತ್ತದೆ, ಒಳಗಿನ ಹೆದರಿಕೆ ನಿಲ್ಲುವುದಿಲ್ಲ, ಮುಂದಿನ ಸಲ ಸದ್ದಿಲ್ಲದೆ ಬಾಯಿ ಹಾಕುತ್ತಾನೆ. ಗುರುತಿಲ್ಲದವರು ಮೈಮೇಲೆ ಕೈಯಿಟ್ಟರೆ ಅನುಮಾನ ಪಡಲಿ ಅಂತಲೇ ತಾನೆ ಇಂಥ ನಾಯಿಯನ್ನು ತೋಟಕ್ಕೆ ತಂದದ್ದು? ಗೇಟಿನಲ್ಲಿ ಅದೇ ಬೇಕು, ಆಸ್ಪತ್ರೆಯಲ್ಲಿ ಬೇಡ ಅಂದರೆ ಅವನಿಗೆ ಹೇಗೆ ತಿಳಿಯಬೇಕು, ಕಲಿಸದೆ?

ಕಲಿಸುವುದು ಹೇಗೆ ಅಂದರೆ, ನಾನೇನು ಟ್ರೇನರ್ ಅಲ್ಲ, ತಿಳಿದಷ್ಟು ಹೇಳುತ್ತೇನೆ. ಮೊದಲು ಒಂದು ಮಜಲ್ ತಗೋ, ಕಚ್ಚದ ಹಾಗೆ ನಾಯಿಯ ಮೂತಿಗೆ ಹಾಕುವುದು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆ ಪಟ್ಟಿ ಬೇಡ. ನಾಯಿಗೆ ಬಾಯಿ ತೆರೆದು ತೇಕಿದರೇನೇ ಮೈ ತಣ್ಣಗಾಗುವುದು. ಎತ್ತಿನ ಬಾಯಿಕುಕ್ಕೆಯ ಹಾಗೆ ಬುಟ್ಟಿಯಂಥದ್ದು ಸಿಗುತ್ತದೆ, ಅದರೊಳಗೆ ಅವನು ತೇಕಬಹುದು, ನೀರೂ ಕುಡಿಯಬಹುದು. ತಂದ ದಿನವೇ ತೊಡಿಸಬೇಡ. ಒಳಗಡೆ ಒಂದಿಷ್ಟು ಮೊಸರು ಸವರಿ ಕೈಯಲ್ಲಿ ಹಿಡಿದುಕೋ, ಅವನೇ ಮೂತಿ ತೂರಿಸಿ ನೆಕ್ಕಲಿ. ಪಟ್ಟಿ ಹಾಕುವುದೆಲ್ಲ ಆಮೇಲೆ, ಒಂದು ಗಳಿಗೆ ಹಾಕಿ ತೆಗೆ. ಆಸ್ಪತ್ರೆಗೆ ಹೋಗದ ದಿನವೂ ತೋಟ ಸುತ್ತುವಾಗ ಹಾಕಿಕೊಂಡು ಹೋಗು, ಇಲ್ಲದಿದ್ದರೆ ಅದನ್ನು ಕಂಡ ಕೂಡಲೇ ಸೂಜಿ ಅಂತ ತಿಳಿದುಕೊಳ್ಳುತ್ತಾನೆ. ಮಜಲ್ ಹಾಕಿದರೆ ನಾಯಿಗೆ ಅವಮಾನ ಅಂತ ನಿನ್ನ ಸ್ನೇಹಿತರು ಯಾರೋ ಅಂದಿದ್ದರಲ್ಲ, ಅದು ಬರೀ ಜಂಬ. ಕಚ್ಚಲು ಆಗುವುದೇ ಇಲ್ಲ ಅಂತಾದ ಮೇಲೆ ನಿನ್ನ ಕೈ ನಡುಗುವುದಿಲ್ಲ, ಡಾಕ್ಟ್ರೂ ಧೈರ್ಯವಾಗಿ ಹತ್ತಿರ ಬರುತ್ತಾರೆ.

ಕಿವಿ ಮುಟ್ಟುವುದು ಮಾತ್ರ ದಿನಾ ಮಾಡು. ಕಿವಿ ಮಡಚಿ ನೋಡು, ತುಟಿ ಎತ್ತಿ ನೋಡು, ಕಾಲು ಹಿಡಿದು ಬೆರಳ ಸಂದಿ ನೋಡು, ಪ್ರತಿ ಸಲ ಒಂದು ತುಣುಕು ತಿಂಡಿ. ಅವನು ಮುಖ ತಿರುಗಿಸಿದರೆ ಅಲ್ಲಿಗೇ ಬಿಡು. ನಿಮ್ಮ ಕಡೆ ಉಣುಗು ಜಾಸ್ತಿ ಬೇರೆ. ಉಣುಗಿನ ಜ್ವರ ಬಂದರೆ ವಸಡು ಬಿಳಿಚಿಕೊಳ್ಳುತ್ತದೆ, ಪರೀಕ್ಷೆಗೆ ಕಾಲಿನಿಂದ ರಕ್ತ ತೆಗೆಯಬೇಕಾಗುತ್ತದೆ. ಕಾಲು ಕೊಡಲು ಇವತ್ತೇ ಕಲಿತಿದ್ದರೆ ಅವತ್ತು ಹಗ್ಗದ ಮಾತು ಬರುವುದಿಲ್ಲ.

ಇನ್ನೊಂದು ನೆನಪಾಯಿತು. ಆಸ್ಪತ್ರೆಯ ಟೈಲ್ಸ್ ಮೇಲೆ ದೊಡ್ಡ ನಾಯಿಗಳ ಕಾಲು ಜಾರುತ್ತದೆ, ಉಗುರು ಊರಿ ನಿಂತುಬಿಡುತ್ತವೆ, ಅರ್ಧ ಗಲಾಟೆ ಅದರಿಂದಲೇ. ಮನೆಯ ಗೋಣಿಚೀಲ ಒಂದನ್ನು ತಗೊಂಡು ಹೋಗಿ ಹಾಸು. ಟೇಬಲ್ ಮೇಲೆ ಹತ್ತಿಸುವುದು ಬೇಡ, ನೆಲದ ಮೇಲೇ ನೋಡಿ ಅಂತ ಕೇಳು, ಬೇಸರ ಮಾಡಿಕೊಳ್ಳುವುದಿಲ್ಲ. ಮೊದಲೇ ಫೋನ್ ಮಾಡಿ ಜನ ಕಡಿಮೆ ಇರುವ ಹೊತ್ತು ಕೇಳಿಕೋ, ಸರದಿ ಬರುವವರೆಗೆ ಜೀಪಿನಲ್ಲೇ ಇರಲಿ. ಸೂಜಿ ಇಲ್ಲದ ದಿನವೂ ಒಮ್ಮೊಮ್ಮೆ ಹೋಗಿ, ತೂಕದ ಮಿಷನ್ ಮೇಲೆ ನಿಲ್ಲಿಸಿ, ತಿಂಡಿ ಕೊಟ್ಟು ವಾಪಸ್ ಬನ್ನಿ. ಡೀಸೆಲ್ ದಂಡ ಅಂತ ನಿನ್ನ ಅಪ್ಪ ಗೊಣಗುತ್ತಾನೆ, ಗೊಣಗಲಿ ಬಿಡು. ಇಷ್ಟಾದರೂ ತೀರಾ ಹೆದರಿದರೆ, ಹೋಗುವ ಮುಂಚೆ ಕೊಡಲು ಮಾತ್ರೆ ಇದೆಯಾ ಅಂತ ಡಾಕ್ಟ್ರನ್ನೇ ಕೇಳು. ಮನೆಯಲ್ಲಿರುವ ಮನುಷ್ಯರ ನಿದ್ದೆ ಮಾತ್ರೆ ಮಾತ್ರ ಕೊಡಬೇಡ.

ಕಚ್ಚುತ್ತಾನೆ ಅಂತ ಹೆದರಿ ಹುಚ್ಚುನಾಯಿ ರೋಗದ ಇಂಜೆಕ್ಷನ್ ತಪ್ಪಿಸಿದೆ ಅಂದುಕೋ. ನಾಳೆ ಕಾಫಿ ಕೊಯ್ಯಲು ಬಂದವರಿಗೆ ಒಂದು ಹಲ್ಲು ತಾಗಿತು. ಅವರು ಕಾರ್ಡ್ ಕೇಳಿದರೆ ಏನು ತೋರಿಸುತ್ತೀಯ? ಆ ರೋಗ ಒಮ್ಮೆ ಕಾಣಿಸಿಕೊಂಡರೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯರೂ ಉಳಿಯುವುದಿಲ್ಲ. ಅದೂ ಅಲ್ಲದೆ ಇಂಥ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ಒಳಗೇ ತಿರುಚಿಕೊಳ್ಳುವುದುಂಟು. ವಾಂತಿ ಬಂದ ಹಾಗೆ ಮಾಡುತ್ತವೆ, ಏನೂ ಬರುವುದಿಲ್ಲ. ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ, ಅದೂ ಕೆಲವೇ ಗಂಟೆಯೊಳಗೆ. ಸಕಲೇಶಪುರದಿಂದ ಹಾಸನದ ವೆಟರಿನರಿ ಕಾಲೇಜಿಗೆ ಓಡುವ ಆ ರಾತ್ರಿ ಅವನಿಗೆ ಮಜಲ್ ಕಲಿಸುತ್ತಾ ಕೂರಲು ಆಗುತ್ತದಾ?

ಜಾಸ್ತಿ ಬರೆದೆ ಅನ್ನಿಸುತ್ತದೆ. ನೀನು ದೊಡ್ಡವನಾಗಿದ್ದೀಯ, ನಿನಗೂ ಗೊತ್ತಾಗುತ್ತದೆ. ಈ ವರ್ಷದ ಇಂಜೆಕ್ಷನ್ ಯಾವ ತಾರೀಕಿಗಿದೆ ಅಂತ ಕಾರ್ಡ್ ನೋಡಿ ಬರೆ. ಒಬ್ಬನೇ ಹೋಗಲು ಧೈರ್ಯ ಸಾಲದಿದ್ದರೆ ಹೇಳು, ಹಿಂದಿನ ದಿನವೇ ಬಸ್ಸು ಹತ್ತಿ ಬರುತ್ತೇನೆ. ಮಜಲ್ ಕೊಳ್ಳುವ ಮುಂಚೆ ಅವನ ಮೂತಿಯ ಉದ್ದ, ಸುತ್ತಳತೆ ಎರಡೂ ಟೇಪ್ ಹಿಡಿದು ನೋಡಿಕೋ. ಅಂದಾಜಿನಲ್ಲಿ ತಂದರೆ ಕಣ್ಣಿಗೆ ಉಜ್ಜುತ್ತದೆ.

ನಿನ್ನ ಅತ್ತೆ